ನೂರು ರೂಪಾಯಿಗೆ ಬಿದ್ದ ಸರ್ಕಾರ

ರಾಜ್ಯಶಾಸ್ತ್ರ ಮುಚ್ಚುವ ಮಾತನ್ನು ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಚಹಾದ ಬಸಿಯಿಂದ ಬಾಯಿ ಎತ್ತದೆಯೇ ಹೇಳಿಬಿಟ್ಟರು. ಕಾಲೇಜಿರುವ ಬನಹಟ್ಟಿಯಲ್ಲೇ ನೂಲಿನ ವ್ಯಾಪಾರ ಮಾಡುವ ಮನುಷ್ಯ. ಕೆಟ್ಟವರಲ್ಲ. ಮಕ್ಕಳು ಬರುತ್ತಿಲ್ಲ, ಬಂದವರೆಲ್ಲ ಕಾಮರ್ಸಿಗೆ ಹೋಗುತ್ತಾರೆ, ಬರುವ ಜೂನ್‌ನಿಂದ ನಿಮ್ಮ ವಿಷಯಕ್ಕೆ ರೊಕ್ಕ ತೆಗೆದಿಡುವುದು ಕಷ್ಟ ಎಂದರು. ಆಮೇಲೆ ಬಸಿ ಕೆಳಗಿಟ್ಟು, ಚಹಾ ಛಲೋ ಆಗೇತಿ ಎಂದು ಸಿಪಾಯಿಗೆ ಹೇಳಿದರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ದೊಡ್ಡ ಸುದ್ದಿಯೇನಲ್ಲ. ಲೋಕಾಪುರದ ಬಸ್ ಸ್ಟ್ಯಾಂಡಿನ ಎದುರು ಮನೆಯಲ್ಲಿ ಬೆಳೆದವಳು ನಾನು. ಅಲ್ಲಿ ಹಾರ್ನಿಗಿಂತ ಗಟ್ಟಿಯಾಗಿ ಮಾತಾಡದಿದ್ದರೆ ಹೆತ್ತ ಅವ್ವನಿಗೂ ಕೇಳುತ್ತಿರಲಿಲ್ಲ. ಆದರೆ ಆ ಹೊತ್ತು ಜಗಳ ಮಾಡದೆ ಎದ್ದು ಬಂದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ತರಗತಿಯಲ್ಲಿ ಅರ್ಧ ಬೆಂಚು ಖಾಲಿ ಇರುತ್ತಿದ್ದವು.

ಆದರೆ ಉಳಿದರ್ಧ ಬೆಂಚಿನಲ್ಲಿ ಕೂತವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಬಹುತೇಕ ಹೆಣ್ಣುಮಕ್ಕಳು. ಬೆಳಿಗ್ಗೆ ಮನೆಯ ಮಗ್ಗಕ್ಕೆ ಬೇಕಾದ ನೂಲಿನ ಕಂಡಕಿ ಸುತ್ತಿಟ್ಟು, ನಡೆದುಕೊಂಡು ಕಾಲೇಜಿಗೆ ಬಂದು, ಮಧ್ಯಾಹ್ನ ಮತ್ತೆ ಮಗ್ಗದ ಮುಂದೆ ಕೂರುವವರು. ಜಮಖಂಡಿಗೆ ಬಸ್ಸಿದೆ, ಅಲ್ಲಿ ಕಾಲೇಜುಗಳೂ ಇವೆ. ಆದರೆ ಮಗಳನ್ನು ಒಂಟಿಯಾಗಿ ಬಸ್ಸು ಹತ್ತಿಸದ ಮನೆಗಳು ಇನ್ನೂ ಇವೆ. ಅವರಲ್ಲಿ ರಬಕವಿಯ ಒಬ್ಬ ಹುಡುಗಿ, ಅಂತಿಮ ವರ್ಷದವಳು, ಸುದ್ದಿ ಕೇಳಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ತನ್ನ ಪದವಿ ಹೇಗೋ ಮುಗಿಯುತ್ತದೆ, ಅವಳ ಚಿಂತೆ ತಂಗಿಯದು.

“ಜೂನ್‌ದಾಗ ಆಕೀನ ಇಲ್ಲೇ ಹಚ್ಚಬೇಕಂತ ಮಾಡೇವ್ರಿ. ಆಕಿಗೆ ಇದ ವಿಷಯ ಬೇಕು. ಇಲ್ಲಿ ಇಲ್ಲಂದ್ರ ಆಕೀದು ಸಾಲಿ ಮುಗೀತ್ರಿ ಮೇಡಮ್.”

ನಾನು ತಿರುಗಿ ಅಧ್ಯಕ್ಷರ ನೂಲಿನ ಅಂಗಡಿಗೇ ಹೋದೆ. ಜಗಳಕ್ಕೆಂದೇ ಹೋದೆ, ಮುಚ್ಚಿಡುವುದೇನು. ಅವರು ನಗುತ್ತಲೇ ಕೇಳಿ, ಕೊನೆಗೆ ಒಂದು ಸಣ್ಣ ಬಾಗಿಲು ತೆರೆದರು. ಕಾಲೇಜಿಗೆ ಏನಾದರೂ ಒಂದು ಹೆಸರು ತನ್ನಿ, ಏಪ್ರಿಲ್‌ನ ಸಭೆಯಲ್ಲಿ ನೋಡೋಣ ಎಂದರು. ಅಲ್ಲಿಗೆ ನನ್ನ ಕೈಯಲ್ಲಿದ್ದದ್ದು ಒಂದೇ ಒಂದು ಅವಕಾಶ: ಸುತ್ತಲಿನ ತಾಲೂಕುಗಳ ಕಾಲೇಜುಗಳಿಗೆ ನಡೆಯುವ ಅಣಕು ಸಂಸತ್ತಿನ ಸ್ಪರ್ಧೆ. ಮೊದಲ ಸುತ್ತು ಮುಧೋಳದಲ್ಲಿ, ಕೊನೆಯದು ಜಮಖಂಡಿಯಲ್ಲಿ.

ಮುಧೋಳದಲ್ಲಿ ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ಪ್ರಶ್ನೋತ್ತರ, ನಾಲ್ಕು ಘೋಷಣೆ, ಫಲಕ ಹಿಡಿದು ಸ್ಪೀಕರ್ ಮುಂದಿನ ಅಂಗಳಕ್ಕೆ ನುಗ್ಗುವುದು, ಕೊನೆಗೆ ಸಭಾತ್ಯಾಗ. ನಮ್ಮ ಹುಡುಗರು ಭಾಳ ಹುರುಪಿನಿಂದ ಹೊರನಡೆದರು. ಒಬ್ಬ ಎಷ್ಟು ಜೋರಾಗಿ ನಡೆದನೆಂದರೆ ವೇದಿಕೆಯ ಪರದೆಯನ್ನೂ ಜೊತೆಗೇ ಎಳೆದುಕೊಂಡು ಹೋದ. ಜನ ಚಪ್ಪಾಳೆ ತಟ್ಟಿದರು. ಕೊನೆಯ ಸುತ್ತಿಗೆ ಆಯ್ಕೆಯಾದ ತಂಡಗಳಲ್ಲಿ ನಮ್ಮ ಹೆಸರು ಎಲ್ಲಕ್ಕಿಂತ ಕೆಳಗಿತ್ತು.

ತೀರ್ಪುಗಾರರಲ್ಲಿ ಒಬ್ಬರು ಶಾಸನಸಭೆಯ ಸಚಿವಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಅಧಿಕಾರಿ. ತೆಳ್ಳಗಿನ, ಸಣ್ಣ ಧ್ವನಿಯ ಮನುಷ್ಯ. ಅವರು ಯಾವ ತಂಡವನ್ನೂ ಹೊಗಳಲಿಲ್ಲ. ಸದನ ಎಂದರೆ ಜಗಳ ಎಂದು ನೀವೆಲ್ಲ ತಿಳಿದಿದ್ದೀರಿ. ವರ್ಷಕ್ಕೊಮ್ಮೆ ಸರ್ಕಾರ ಕೈಮುಗಿದು ರೊಕ್ಕ ಕೇಳಲು ಬರುವ ಜಾಗ ಅದು, ಆ ಕೇಳುವಿಕೆಯನ್ನು ಒಂದು ತಂಡವೂ ತೋರಿಸಲಿಲ್ಲ ಎಂದರು. ಅಷ್ಟು ಹೇಳಿ ಕೂತರು.

ವಾಪಸು ಬರುವ ಬಸ್ಸಿನಲ್ಲಿ ಹುಡುಗರು ಹಾಡು ಹೇಳುತ್ತಿದ್ದರು. ನಾನು ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದೆ. ನಾಚಿಕೆಯಾಗಿತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಅನುದಾನದ ಬೇಡಿಕೆ ಎಂದು ಬರೆದು, ಓದಿಸಿ, ಪರೀಕ್ಷೆಯಲ್ಲಿ ಕೇಳಿದವಳು ನಾನೇ. ಮಹಾಲಿಂಗಪುರ ದಾಟುವಷ್ಟರಲ್ಲಿ ತೀರ್ಮಾನ ಮಾಡಿದೆ. ಜಮಖಂಡಿಯಲ್ಲಿ ಘೋಷಣೆ ಇಲ್ಲ, ಸಭಾತ್ಯಾಗ ಇಲ್ಲ. ಒಂದು ಇಲಾಖೆಯ ಅನುದಾನದ ಬೇಡಿಕೆ, ಮೊದಲಿನಿಂದ ಕೊನೆಯತನಕ. ಇಲಾಖೆ ಯಾವುದೆಂದೂ ಅಲ್ಲೇ ನಿರ್ಧರಿಸಿದೆ: ಕಾನೂನು ಮತ್ತು ನ್ಯಾಯ.

ಬಸ್ಸಿಳಿದು ಹೇಳಿದಾಗ ಹುಡುಗರ ಮುಖ ನೋಡಬೇಕಿತ್ತು. ಮದುವೆ ಊಟಕ್ಕೆ ಕರೆದು ಅಂಬಲಿ ಬಡಿಸಿದ ಹಾಗಾಯಿತು ಅವರಿಗೆ. ಪರದೆ ಎಳೆದವನು ಮರುದಿನದಿಂದ ಬರಲೇ ಇಲ್ಲ. ಇನ್ನಿಬ್ಬರು ಕ್ರಿಕೆಟ್ ಇದೆ ಎಂದರು. ಉಳಿದವರನ್ನು ಕೂರಿಸಿಕೊಂಡು ಶುರು ಮಾಡಿದೆ.

ಮೊದಲ ತಕರಾರು ಚಿಕ್ಕಪಡಸಲಗಿಯ ಹುಡುಗನದು. ಕೃಷ್ಣೆಗೆ ಅಡ್ಡಲಾಗಿ ರೈತರೇ ವಂತಿಗೆ ಹಾಕಿ ಬ್ಯಾರೇಜು ಕಟ್ಟಿದ ಊರಿನವನು. ಅವನ ಅಜ್ಜನೂ ಕಲ್ಲು ಹೊತ್ತವನಂತೆ. ಆ ಊರಿನವರಿಗೆ ಸರ್ಕಾರದ ಮಾತೆತ್ತಿದರೆ ಒಂದು ಹುಬ್ಬು ಮೇಲೇರುತ್ತದೆ.

“ನಮ್ಮ ಬ್ಯಾರೇಜಿಗೆ ಯಾವ ಪಾರ್ಲಿಮೆಂಟಿನ ಒಪ್ಪಿಗಿ ತಗೊಂಡಿದ್ರು ಮೇಡಮ್? ರೊಕ್ಕ ಕೂಡಿಸಿದ್ರು, ಕಟ್ಟಿದ್ರು, ಆತು.”

ರೊಕ್ಕ ಕೊಟ್ಟವರು ಲೆಕ್ಕ ಕೇಳಲಿಲ್ಲವೇ ಎಂದು ನಾನು ತಿರುಗಿ ಕೇಳಿದೆ. ಕೇಳದೆ ಬಿಡುತ್ತಾರೆಯೇ, ಅಜ್ಜ ಕೊನೆಯತನಕ ಕೇಳುತ್ತಲೇ ಇದ್ದ ಎಂದ. ಅಷ್ಟೇ ಸಾಕಾಗಿತ್ತು ನನಗೆ. ಕೊಟ್ಟವರು ಕೇಳುವ ಹಕ್ಕನ್ನೇ ದೇಶದ ಮಟ್ಟದಲ್ಲಿ ಸದನ ನಡೆಸುತ್ತದೆ, ನಿನ್ನ ಅಜ್ಜ ಇದ್ದಿದ್ದರೆ ಅವರನ್ನೇ ಸ್ಪೀಕರ್ ಮಾಡುತ್ತಿದ್ದೆ, ಈಗ ನೀನು ಆಗು ಎಂದೆ. ಅವನು ಸ್ಪೀಕರ್ ಆದ. ರಬಕವಿಯ ಹುಡುಗಿ ಹಣಕಾಸು ಸಚಿವೆಯಾದಳು. ವಿರೋಧ ಪಕ್ಷದ ಮುಖ್ಯ ಮಾತು ಬನಹಟ್ಟಿಯ ಒಬ್ಬ ಮೆತ್ತನೆಯ ಹುಡುಗಿಗೆ ಹೋಯಿತು. ವಾರದೊಳಗೆ ಓಣಿಯ ಜನರೂ ಅವರನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದರು. ಸಂತೆಯಲ್ಲಿ ಬದನೆಕಾಯಿ ಮಾರುವವಳೊಬ್ಬಳು ಹಣಕಾಸು ಸಚಿವೆಗೆ ಚೌಕಾಶಿ ಮಾಡಬೇಡವೆಂದು ಬೈದಳಂತೆ.

ಅಧ್ಯಕ್ಷರ ನೂಲಿನ ಗೋದಾಮನ್ನು ತೋರಿಸಿಯೇ ನಾನು ದೇಶದ ಬೊಕ್ಕಸವನ್ನು ವಿವರಿಸಿದೆ. ಒಳಗೆ ನೂಲು ಎಷ್ಟೇ ಇರಲಿ, ಮಾಲೀಕರ ಚೀಟಿ ಇಲ್ಲದೆ ಕೀಲಿಕೈ ಇಟ್ಟುಕೊಂಡವನೂ ಒಂದು ಗಂಟು ಹೊರತರುವಂತಿಲ್ಲ. ಸರ್ಕಾರದ ಕೈಯಲ್ಲಿ ಕೀಲಿಕೈ ಇದೆ, ಚೀಟಿ ಬರೆಯುವುದು ಲೋಕಸಭೆ. ಬಜೆಟ್ ಭಾಷಣ ಟಿವಿಯಲ್ಲಿ ಎಲ್ಲರೂ ನೋಡುತ್ತಾರೆ; ಆಮೇಲಿನದನ್ನು ಯಾರೂ ನೋಡುವುದಿಲ್ಲ. ಪ್ರತಿ ಇಲಾಖೆ ತನಗೆ ಇಷ್ಟು ಬೇಕೆಂದು ಬೇಡಿಕೆ ಇಡಬೇಕು, ಸ್ಥಾಯಿ ಸಮಿತಿಗಳು ಅದನ್ನು ಜಾಲಾಡಬೇಕು, ಸದನ ಚರ್ಚಿಸಿ ಒಪ್ಪಬೇಕು. ಹೊತ್ತು ಮೀರಿದರೆ ಉಳಿದ ಬೇಡಿಕೆಗಳನ್ನೆಲ್ಲ ಸ್ಪೀಕರ್ ಒಟ್ಟಿಗೇ ಮತಕ್ಕೆ ಹಾಕಿ ಮುಗಿಸುತ್ತಾರೆ. ತಲೆ ಕತ್ತರಿಸುವ ಯಂತ್ರದ ಹೆಸರಿನ ಮೇಲೆ ಅದಕ್ಕೆ ಗಿಲೊಟಿನ್ ಎನ್ನುತ್ತಾರೆಂದಾಗ ನಮ್ಮ ಸ್ಪೀಕರ್‌ಗೆ ಭಾರಿ ಖುಷಿಯಾಯಿತು. ಕೊನೆಗೆ ಧನವಿನಿಯೋಗ ಮಸೂದೆ. ಅದು ಪಾಸಾದ ಮೇಲೆಯೇ ಬೀಗ ತೆರೆಯುತ್ತದೆ.

ಕೋರ್ಟಿನ ವಿಷಯ ಬಂದಾಗ ಹುಡುಗರು ನಿಜವಾಗಿ ಎಚ್ಚರಾದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಸಂಬಳ, ಆ ಕೋರ್ಟಿನ ಆಡಳಿತದ ಖರ್ಚು, ಇವುಗಳ ಮೇಲೆ ಸದನ ಮಾತಾಡಬಹುದು, ಮತ ಹಾಕುವಂತಿಲ್ಲ. ತಮ್ಮ ವಿರುದ್ಧ ತೀರ್ಪು ಬಂತೆಂದು ಸಂಬಳ ನಿಲ್ಲಿಸುವ ಬುದ್ಧಿ ಯಾರಿಗೂ ಬರಬಾರದಲ್ಲ. ಹಾಗಾದರೆ ನಮ್ಮ ತಾಲೂಕಿನ ಕೋರ್ಟಿಗೆ ಯಾರು ಕೊಡುತ್ತಾರೆ ಎಂದು ಹಣಕಾಸು ಸಚಿವೆ ಕೇಳಿದಳು. ಹೆಚ್ಚಿನದು ರಾಜ್ಯ, ಕಟ್ಟಡ ಮತ್ತು ಸೌಲಭ್ಯಗಳಿಗೆ ಕೇಂದ್ರದ ಒಂದು ಪಾಲು; ಆ ಪಾಲು ಈ ಬೇಡಿಕೆಯೊಳಗೇ ಬರುತ್ತದೆ ಎಂದೆ. ವಿರೋಧ ಪಕ್ಷದ ಹುಡುಗಿ ತಲೆ ಎತ್ತಿ ನನ್ನನ್ನೇ ನೋಡಿದಳು. 

ಅವಳ ಆಯುಧ ಕಡಿತದ ಸೂಚನೆ. ಅದರಲ್ಲಿ ಮೂರು ಬಗೆ. ನೀತಿಯೇ ಸರಿಯಿಲ್ಲ ಎನ್ನುವವರು ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎನ್ನುತ್ತಾರೆ. ದುಂದಾಗಿದೆ ಎನ್ನುವವರು ಇಷ್ಟು ಕಡಿಮೆ ಮಾಡಿ ಎನ್ನುತ್ತಾರೆ. ಒಂದು ನಿರ್ದಿಷ್ಟ ದೂರು ಇದ್ದವರು ನೂರು ರೂಪಾಯಿ ಕಡಿಯಿರಿ ಎನ್ನುತ್ತಾರೆ. ಸಾವಿರಾರು ಕೋಟಿಯಲ್ಲಿ ನೂರು ರೂಪಾಯಿ. ನಗು ಬರುವಂಥದ್ದೇ. ಆದರೆ ಆ ನೂರು ರೂಪಾಯಿಯ ಸೂಚನೆ ಪಾಸಾದರೆ, ಸದನಕ್ಕೆ ಈ ಸರ್ಕಾರದ ಮೇಲೆ ಭರವಸೆ ಹೋಯಿತೆಂದು ಅರ್ಥ. ಸರ್ಕಾರ ಮನೆಗೆ ಹೋಗಬೇಕು. ಆದ್ದರಿಂದಲೇ ಅಂಥವು ಪಾಸಾಗುವುದಿಲ್ಲ. ದೂರು ಹೇಳಿ, ಉತ್ತರ ಕೇಳಿ, ಸದನದ ಅನುಮತಿ ಪಡೆದು ಹಿಂತೆಗೆದುಕೊಳ್ಳುತ್ತಾರೆ, ಇಲ್ಲವೆ ಸೋಲುತ್ತಾರೆ. ನಮ್ಮದರಲ್ಲಿ ಸೋಲುತ್ತದೆ ಎಂದು ಬರೆದಿದ್ದೆ.

ತಾಲೀಮಿಗೆ ಇನ್ನೊಂದು ಅಡ್ಡಿ ಬಂತು. ಸೀರೆಯ ಆರ್ಡರು ಹೆಚ್ಚಾಗಿ ಹಣಕಾಸು ಸಚಿವೆಯನ್ನು ಮನೆಯವರು ಹೊರಗೆ ಬಿಡಲಿಲ್ಲ. ಮಂತ್ರಿ ಇಲ್ಲದೆ ಬೇಡಿಕೆ ಮಂಡಿಸುವವರು ಯಾರು? ನಾನು ಇಡೀ ಲೋಕಸಭೆಯನ್ನು ರಬಕವಿಯ ಅವರ ಮಗ್ಗದ ಶೆಡ್ಡಿಗೆ ಒಯ್ದೆ. ಅವಳು ಕಂಡಕಿ ಸುತ್ತುತ್ತಲೇ ರಾಷ್ಟ್ರಪತಿಗಳ ಶಿಫಾರಸಿನ ಮೇರೆಗೆ ಬೇಡಿಕೆ ಮಂಡಿಸಿದಳು. ಸುತ್ತ ಪವರ್‌ಲೂಮುಗಳ ಖಟಖಟ. ಆಡಳಿತ ಪಕ್ಷ ನೂಲು ಸುತ್ತಿದ ಬೀಮಿನ ಬಲಕ್ಕೆ, ವಿರೋಧ ಪಕ್ಷ ಎಡಕ್ಕೆ. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಎಲ್ಲರ ಗಂಟಲು ತೆರೆದುಕೊಂಡಿತು. ನನ್ನ ಗಂಟಲಿಗೆ ಆ ತಾಲೀಮು ಬೇಕಿರಲಿಲ್ಲ.

ಅಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ವಿರೋಧ ಪಕ್ಷದ ಹುಡುಗಿ ಕಡಿತದ ಸೂಚನೆ ಓದಿ ಮುಗಿಸಿ, ಸ್ಪೀಕರ್ ಮತಕ್ಕೆ ಹಾಕಿದಾಗ ಆಡಳಿತ ಪಕ್ಷದವರು ‘ಇಲ್ಲ’ ಎನ್ನುವುದು ಬಾಯಲ್ಲಿ ಬಿಸಿ ಗಡ್ಡೆ ಇಟ್ಟುಕೊಂಡವರ ಹಾಗೆ. ಗಟ್ಟಿ ಹೇಳ್ರೋ ಎಂದು ನಾನು ಬೈದೆ. ಹಣಕಾಸು ಸಚಿವೆಯ ಅಪ್ಪ ಮಗ್ಗ ನಿಲ್ಲಿಸಿ ನಡುವೆ ಬಾಯಿ ಹಾಕಿದರು. ಅವರ ಓಣಿಯಲ್ಲಿ ಹಿರಿಯರು ಸೇರುವ ಸಭೆಗೆ ದೈವ ಎನ್ನುತ್ತಾರೆ. ಆ ದೈವದ ಮುಂದೆ ಹೆಣ್ಣುಮಗಳೊಬ್ಬಳು ನಿಂತು ತನ್ನ ಕಷ್ಟ ಹೇಳಿಕೊಂಡರೆ, ಅವಳ ಮುಖಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ. ಒಪ್ಪದವರು ಸುಮ್ಮನಿರುತ್ತಾರೆ. ಈ ಮಕ್ಕಳು ಅದನ್ನು ನೋಡಿಯೇ ಬೆಳೆದವರು ಎಂದರು.

ಇದು ದೈವ ಅಲ್ಲರೀ, ಲೋಕಸಭೆ ಎಂದೆ ನಾನು. ಇಲ್ಲಿ ಸುಮ್ಮನಿದ್ದರೆ ಸೋತ ಹಾಗೆ. ಆಮೇಲೆ ಇಪ್ಪತ್ತು ಸಲ ‘ಇಲ್ಲ’ ಹೇಳಿಸಿದೆ. ಕೊನೆಕೊನೆಗೆ ಶೆಡ್ಡು ನಡುಗುವ ಹಾಗೆ ಹೇಳಿದರು. ನಾನು ಸಮಾಧಾನವಾಗಿ ಮನೆಗೆ ಹೋದೆ.

ಕಾಲೇಜಿನಲ್ಲಿ ಮಾಡಿದ ಪ್ರದರ್ಶನ ಮಾತ್ರ ಮಕಾಡೆ ಬಿತ್ತು. ಕಾಮರ್ಸಿನ ಮಾಸ್ತರೊಬ್ಬರು ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದರು. ವಿರೋಧ ಪಕ್ಷದ ಹುಡುಗಿ ನಾನು ಬರೆದುಕೊಟ್ಟ ‘ಮೂಲಸೌಕರ್ಯಗಳ ಅಭಾವ’ ಎಂಬಲ್ಲಿ ಮೂರು ಸಲ ಎಡವಿದಳು. ಸಭಾತ್ಯಾಗವನ್ನೇ ಮತ್ತೆ ಸೇರಿಸೋಣವೇ ಎಂದು ನನಗೇ ಅನ್ನಿಸಿತು. ಹಣಕಾಸು ಸಚಿವೆ ಬೇಡವೆಂದಳು. ಹೆದರಿದ್ದಳು, ಆದರೂ ಬೇಡವೆಂದಳು. ತಂಗಿಗೆ ಈಗಾಗಲೇ ಎಲ್ಲ ಕಲಿಸಿದ್ದಾಳಂತೆ, ಅವಳಿಗೆ ಟಿವಿಯ ಬಜೆಟ್ ಭಾಷಣಕ್ಕಿಂತ ಇದೇ ಛಲೋ ಅನ್ನಿಸಿದೆಯಂತೆ. ಆಯಿತು, ಬಿದ್ದರೆ ಇದರ ಮೇಲೇ ಬೀಳೋಣ ಎಂದೆ.

ಜಮಖಂಡಿಯ ಸಭಾಂಗಣ ತುಂಬಿತ್ತು. ಅಧ್ಯಕ್ಷರೂ ಬಂದಿದ್ದರು, ಇಲ್ಲೇ ಬೇರೆ ಕೆಲಸವಿತ್ತು, ಹಾಗೇ ಬಂದೆ ಎಂದು ಎರಡು ಸಲ ಹೇಳಿದರು. ನಮಗಿಂತ ಮುಂಚೆ ಬೀಳಗಿ ಕಡೆಯ ತಂಡ. ಎಂಥ ತಂಡ ಅದು! ಹಿನ್ನೀರಿನಲ್ಲಿ ಮುಳುಗಿದ ಊರುಗಳ ಪುನರ್ವಸತಿಯ ಬಗ್ಗೆ ಮಾತಾಡಿ, ಸದನವನ್ನೇ ಅಲುಗಾಡಿಸಿ, ಹೊರಗೆ ನಡೆದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅದೇ ಸದ್ದಿನಲ್ಲಿ ಮೈಕು ಕೆಟ್ಟಿತು. ಸಂಘಟಕರು ಕಾಯಿರಿ ಎಂದರು. ನಮ್ಮ ಸ್ಪೀಕರ್ ಬೇಡವೆಂದು ಕೈಬೀಸಿ ನೇರ ಹೋಗಿ ಕುರ್ಚಿಯಲ್ಲಿ ಕೂತ. ಮಗ್ಗದ ಶೆಡ್ಡಿನಲ್ಲಿ ಮಾತಾಡಿದವರಿಗೆ ಮೈಕು ಯಾಕೆ.

ಹಣಕಾಸು ಸಚಿವೆ ಬೇಡಿಕೆ ಮಂಡಿಸಿದಳು. ಯಾವುದು ಮತಕ್ಕೆ ಬರುವ ಖರ್ಚು, ಯಾವುದು ಬಾರದ್ದು, ಎರಡನ್ನೂ ಬಿಡಿಸಿ ಹೇಳಿದಳು. ಸ್ಥಾಯಿ ಸಮಿತಿಯ ವರದಿಯ ಮಾತು ಬಂತು. ಜನ ಕೆಮ್ಮತೊಡಗಿದರು, ಹಿಂದೆ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು. ನಿವೃತ್ತ ಅಧಿಕಾರಿ ಮಾತ್ರ ಕುರ್ಚಿಯಲ್ಲಿ ಮುಂದೆ ಸರಿದು ಕೂತಿದ್ದು ಪರದೆಯ ಸಂದಿಯಿಂದ ಕಂಡಿತು.

ವಿರೋಧ ಪಕ್ಷದ ಹುಡುಗಿಯ ಸರದಿ. ನ್ಯಾಯಾಲಯದ ಕಟ್ಟಡಗಳಲ್ಲಿ ಮಹಿಳೆಯರಿಗೆ ಸೌಲಭ್ಯವಿಲ್ಲದ ಬಗ್ಗೆ ನೂರು ರೂಪಾಯಿ ಕಡಿತದ ಸೂಚನೆ ಎಂದು ಓದಿದಳು. ಅಲ್ಲಿಗೆ ನಿಂತಳು. ಕೈಯಲ್ಲಿದ್ದ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು.  ಮರೆತಳು ಎಂದುಕೊಂಡೆ.

“ಸಭಾಧ್ಯಕ್ಷರ, ಯಾವ ಊರಿನ ಕೋರ್ಟಂತ ನಾ ಹೇಳೂದಿಲ್ಲ. ನಮ್ಮ ಸ್ವಾದರತ್ತಿ ಹೋಗ್ತಾಳ, ಜೀವನಾಂಶದ ಕೇಸಿಗೆ. ತಾರೀಖು ಇದ್ದ ದಿನ ಮುಂಜಾನಿಂದ ಆಕಿ ನೀರು ಕುಡಿಯೂದಿಲ್ರಿ. ಯಾಕಂದ್ರ ಅಲ್ಲಿ ಹೆಣ್ಮಕ್ಕಳಿಗೆ ಹೋಗಾಕ ಜಾಗಾ ಇಲ್ಲ. ಕುಂಡ್ರಾಕೂ ಇಲ್ಲ, ಗಿಡದ ಬುಡಕ ನಿಂದ್ರತಾಳ. ಒಂದ ಸಲ ತಡೀಲಾರದ ಹೊರಗ ಹೋಗಿ ಬರೂದ್ರಾಗ ಆಕೀ ಹೆಸರು ಕೂಗಿ ಮುಗದಿತ್ತು. ಮತ್ತ ಮುಂದಿನ ತಾರೀಖು. ನ್ಯಾಯ ಕೇಳಾಕ ಬಂದಾಕಿ ನೀರಡಿಸಿ ಯಾಕ ನಿಂದ್ರಬೇಕ್ರಿ? ನೂರು ರೂಪಾಯಿ ಕಡೀರಿ. ಯಾಕ ಕಡದ್ರು ಅಂತ ಸರ್ಕಾರ ನೆನಪು ಇಟ್ಟಕೊಳ್ಳಿ.”

ಕೆಮ್ಮು ನಿಂತಿತ್ತು. ಹಿಂದಿನ ಫೋನೂ ನಿಂತಿತ್ತು. ಇದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಅವಳ ಬಾಯಿಗೆ ‘ಮೂಲಸೌಕರ್ಯಗಳ ಅಭಾವ’ ತುರುಕಿದ್ದೆನಲ್ಲ ಎಂದು ಕೆಡುಕೆನಿಸಿತು.

ಸ್ಪೀಕರ್ ಸೂಚನೆಯನ್ನು ಮತಕ್ಕೆ ಹಾಕಿದ. ಪರವಾಗಿರುವವರು ಹೌದು ಎನ್ನಿ ಎಂದ. ಎಡಗಡೆಯವರು ಹೌದು ಎಂದರು. ವಿರೋಧ ಇರುವವರು ಇಲ್ಲ ಎನ್ನಿ ಎಂದ.

ಬಲಗಡೆಯಿಂದ ಒಂದು ಸ್ವರವೂ ಬರಲಿಲ್ಲ.

ಅಷ್ಟೂ ಮಂತ್ರಿಗಳು, ಅಷ್ಟೂ ಸದಸ್ಯರು ತಲೆ ತಗ್ಗಿಸಿ ಕೂತಿದ್ದರು. ಶೆಡ್ಡು ನಡುಗಿಸಿದ ಅದೇ ಗಂಟಲುಗಳು. ನಾನು ಪರದೆಯ ಹಿಂದೆ ‘ಇಲ್ಲ ಅನ್ರೋ’ ಎಂದು ಬಾಯಿ ಅಲ್ಲಾಡಿಸಿದೆ, ಕೈಕಾಲೆಲ್ಲ ಅಲ್ಲಾಡಿಸಿದೆ. ಯಾರೂ ನನ್ನ ಕಡೆ ನೋಡಲೇ ಇಲ್ಲ. ಹೆಣ್ಣುಮಗಳೊಬ್ಬಳು ಎದುರಿಗೆ ನಿಂತು ಕಷ್ಟ ಹೇಳಿಕೊಂಡಿದ್ದಳು. ಅವರು ದೈವದ ಮಕ್ಕಳು. ಅವಳ ಮುಖಕ್ಕೆ ಇಲ್ಲ ಎನ್ನುವುದು ಅವರಿಂದಾಗಲಿಲ್ಲ. ಸ್ಪೀಕರ್ ಇನ್ನೊಮ್ಮೆ ಕೇಳಿದ. ಮತ್ತೆ ಅದೇ ಮೌನ. ಆಗ ಅವನು ಒಂದು ಸಲ ನಾನಿದ್ದ ಕಡೆ ನೋಡಿದ. ಸುಳ್ಳು ಹೇಳಿ ಸೂಚನೆ ಬಿದ್ದಿದೆ ಎಂದುಬಿಟ್ಟರೆ ನಾಟಕ ಮುಂದೆ ಹೋಗುತ್ತಿತ್ತು. ಆದರೆ ಲೆಕ್ಕ ಕೇಳುವ ಅಜ್ಜನ ಮೊಮ್ಮಗ ಅವನು.

“ಹೌದು ಎನ್ನುವವರದೇ ಬಹುಮತ. ಕಡಿತದ ಸೂಚನೆ ಅಂಗೀಕಾರವಾಗಿದೆ” ಎಂದ.

ನಮ್ಮ ಸರ್ಕಾರ ಬಿತ್ತು. ನಾನು ಅಲ್ಲೇ ಇದ್ದ ಡೋಲಿನ ಮೇಲೆ ಕೂತುಬಿಟ್ಟೆ. ಹೋಯಿತು, ಸ್ಪರ್ಧೆ ಹೋಯಿತು, ವಿಷಯ ಹೋಯಿತು, ಆ ತಂಗಿಯ ಸಾಲಿಯೂ ಹೋಯಿತು ಎಂದುಕೊಂಡೆ.  ಪ್ರಧಾನಿಯಾಗಿದ್ದ ಹುಡುಗ ಹಣಕಾಸು ಸಚಿವೆಯ ಕಡೆ ಕೈ ತೋರಿಸಿದ, ಅಷ್ಟೇ. ಅವಳು ನಿಧಾನವಾಗಿ ಎದ್ದಳು. ಸೆರಗು ಸರಿಮಾಡಿಕೊಂಡಳು. ಪ್ರಧಾನಿಗಳ ಪರವಾಗಿ ಮಾತಾಡುತ್ತೇನೆ ಎಂದಳು.

“ಸದನ ನಮಗೆ ನೂರು ರೂಪಾಯಿ ಕಡಿಮೆ ಕೊಟ್ಟಿದೆ. ನಮ್ಮ ಮೇಲಿನ ಭರವಸೆ ಹೋಗಿದೆ, ನಾವು ರಾಜೀನಾಮೆ ಕೊಡ್ತೇವೆ. ಗೌರವಾನ್ವಿತ ಸದಸ್ಯೆ ಹೇಳಿದ್ದು ಖರೆ ಐತಿ. ಅದಕ್ಕ ನಮ್ಮ ಕಡೆಯವರು ಯಾರೂ ಇಲ್ಲ ಅನ್ನಲಿಲ್ಲ. ಆದರ ಸಭಾಧ್ಯಕ್ಷರ, ಹೋಗೂಕಿಂತ ಮೊದಲ ಒಂದು ವಿನಂತಿ. ಏಪ್ರಿಲ್ ಒಂದರಿಂದ ಕೋರ್ಟಿನ ಕಟ್ಟಡದ ಕೆಲಸ, ಕಚೇರಿಯ ಸಂಬಳ ನಿಲ್ಲಬಾರದು. ಹೊಸ ಸರ್ಕಾರ ಬರೂತನಕ ಕೆಲವು ತಿಂಗಳಿಗೆ ಲೇಖಾನುದಾನ ಕೊಡ್ರಿ. ಸರ್ಕಾರ ಬೀಳಲಿ, ನ್ಯಾಯದ ಬಾಗಿಲು ಮುಚ್ಚೂದು ಬ್ಯಾಡ.”

ಲೇಖಾನುದಾನ! ಪೂರ್ತಿ ಬಜೆಟ್ಟಿಗೆ ಒಪ್ಪಿಗೆ ಸಿಗುವ ಮೊದಲು ಕೆಲವು ತಿಂಗಳ ಖರ್ಚಿಗೆ ಸದನ ಕೊಡುವ ಮುಂಗಡ. ಅದನ್ನು ನಾನು ಪಾಠದಲ್ಲಿ ಹೇಳಿದ್ದೆ, ಇಲ್ಲಿಗೆ ಬರೆದುಕೊಟ್ಟಿರಲಿಲ್ಲ. ಸ್ಪೀಕರ್ ಅದನ್ನು ಮತಕ್ಕೆ ಹಾಕಿದ. ವಿರೋಧ ಪಕ್ಷದ ಹುಡುಗಿಯೇ ಎಲ್ಲರಿಗಿಂತ ಮೊದಲು ಹೌದು ಎಂದಳು. ಆಮೇಲೆ ಎಡವೂ ಬಲವೂ ಒಟ್ಟಿಗೆ ಹೌದು ಎಂದವು. ಸಭಾಂಗಣದ ಜನರೂ ಅವರ ಜೊತೆ ಹೌದು ಎಂದರು, ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ನಾನು ಡೋಲಿನ ಮೇಲೆ ಕೂತಲ್ಲೇ ಗಳಗಳ ಅತ್ತೆ.

ಮೊದಲ ಬಹುಮಾನ ನಮಗೇ ಬಂತು. ನಿವೃತ್ತ ಅಧಿಕಾರಿ ಮೈಕಿಲ್ಲದೆಯೇ ಮಾತಾಡಿದರು. ತಮ್ಮ ಕೆಲಸದ ವರ್ಷಗಳಲ್ಲಿ ಎಷ್ಟೋ ಕಡಿತದ ಸೂಚನೆ ಬಿದ್ದುಹೋಗುವುದನ್ನು ಕಂಡಿದ್ದೇನೆ, ಪಾಸಾದಾಗ ಏನು ಮಾಡಬೇಕೆಂದು ಇಷ್ಟು ಚೆನ್ನಾಗಿ ತೋರಿಸಿದ್ದನ್ನು ಇವತ್ತೇ ನೋಡಿದ್ದು, ಇದನ್ನು ಬರೆದವರು ಯಾರು ಎಂದು ಕೇಳಿದರು. ಹುಡುಗರೆಲ್ಲ ನನ್ನ ಕಡೆ ತಿರುಗಿದರು. ನಾನು ಬರೆದಿಲ್ಲರೀ, ನಾನು ಬರೆದದ್ದನ್ನು ಇವರು ಕೆಡಿಸಿದ್ದಾರೆ ಎಂದೆ. ಇಡೀ ಸಭಾಂಗಣ ನಕ್ಕಿತು. ಬೀಳಗಿ ಕಡೆಯ ಹುಡುಗರು ಬಂದು ನಮ್ಮ ಸ್ಪೀಕರ್‌ನನ್ನು ಎತ್ತಿಕೊಂಡು ಕುಣಿದರು. ಬನಹಟ್ಟಿಯತನಕ ಬಸ್ಸಿನಲ್ಲಿ ನಾನೂ ಹಾಡಿದೆ. ಕಂಡಕ್ಟರ್ ಎರಡು ಸಲ ಬೈದ, ಮೂರನೆಯ ಸಲ ತಾನೂ ಹಾಡಿದ.

ಅಧ್ಯಕ್ಷರು ಮಾತ್ರ ಏನೂ ಹೇಳದೆ ಹೋಗಿದ್ದರು. ಅದೊಂದು ನನ್ನನ್ನು ಕೊರೆಯುತ್ತಿತ್ತು.

ಏಪ್ರಿಲ್‌ನ ಸಭೆಗೆ ನನ್ನನ್ನು ಕರೆದರು. ಉದ್ದ ಮೇಜಿನ ಸುತ್ತ ನೂಲಿನವರು, ಬಟ್ಟೆಯವರು, ಒಬ್ಬರು ಡಾಕ್ಟರು. ಖಜಾಂಚಿಗಳು ಬಹುಮಾನದ ಮಾತು ಖುಷಿಯೇ, ಆದರೆ ಖರ್ಚು ಖರ್ಚೇ ಎಂದು ಶುರುಮಾಡಿದರು. ಅಧ್ಯಕ್ಷರು ಕೈ ಎತ್ತಿ ಅವರನ್ನು ತಡೆದರು. ನಿಮ್ಮ ಬೇಡಿಕೆ ಮಂಡಿಸಿರಿ ಎಂದು ನನಗೆ ಹೇಳಿದರು. ನಾನು ಎದ್ದು ನಿಂತೆ. ಒಬ್ಬ ಅಧ್ಯಾಪಕಿಯ ಸಂಬಳ, ಒಂದು ಕೋಣೆ, ಒಂದಿಷ್ಟು ಪುಸ್ತಕ, ಓಣಿಯಿಂದ ನಡೆದುಬರುವ ಹೆಣ್ಣುಮಕ್ಕಳು. ಇಷ್ಟೇ ಎಂದೆ. ಧ್ವನಿ ನಡುಗಿತು. ನನ್ನ ಧ್ವನಿ ನಡುಗಿದ್ದು ಬಹುಶಃ ಅದೇ ಮೊದಲು.

ಅಧ್ಯಕ್ಷರು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

“ನಂದೊಂದು ಕಡಿತದ ಸೂಚನಾ ಐತಿ. ನೂರು ರೂಪಾಯಿ. ಇಷ್ಟು ವರ್ಷ ಇದನ್ನ ಕಲಿಸಾಕತ್ತೀರಿ, ಒಮ್ಮೆರ ನಮ್ಮನ್ನ ಕರದು ತೋರಸಲಿಲ್ಲ. ಇದ ನನ್ನ ತಕರಾರು.”

ಮೇಜಿನ ಸುತ್ತ ನಗು ಎದ್ದಿತು. ನನಗೆ ಜೀವ ಬಂದ ಹಾಗಾಯಿತು, ಜೊತೆಗೆ ನಾಲಿಗೆಯೂ ಬಂತು. ಸೂಚನೆ ಪಾಸಾದರೆ ನಾನು ರಾಜೀನಾಮೆ ಕೊಡಬೇಕಾಗುತ್ತದೆ, ಸರ್, ಜಮಖಂಡಿಯಲ್ಲಿ ನೋಡಿದ್ದೀರಿ ಎಂದೆ.

“ಹೌದಲ್ಲ. ಹಂಗಾರ ಹಿಂದಕ್ಕ ತಗೋತೇನಿ. ಅದಕ್ಕೂ ಸದನದ ಒಪ್ಪಿಗಿ ಬೇಕಲ್ಲರೀ?”

ಬೇಕು ಎಂದೆ. ಅವರು ಬೆನ್ನು ನೆಟ್ಟಗೆ ಮಾಡಿ, ನಮ್ಮ ಸ್ಪೀಕರ್ ಕೂತಿದ್ದ ಹಾಗೆಯೇ ಕೂತು, ಮೊದಲು ಸೂಚನೆ ಹಿಂತೆಗೆಯಲು ಒಪ್ಪಿಗೆ ಕೇಳಿದರು. ಆಮೇಲೆ ನನ್ನ ಬೇಡಿಕೆಯನ್ನೇ ಮತಕ್ಕೆ ಹಾಕಿದರು. ಹೌದು ಎನ್ನುವವರು ಹೌದು ಎಂದರು. ಆಮೇಲೆ ಖಜಾಂಚಿಗಳ ಕಡೆಗೆ ತಿರುಗಿ, ಇಲ್ಲ ಎನ್ನುವವರು ಈಗ ಹೇಳಬಹುದು ಎಂದರು. ಖಜಾಂಚಿಗಳು ನನ್ನ ಮುಖ ನೋಡಿದರು. ಅವರೂ ಅದೇ ಓಣಿಯಲ್ಲಿ ಬೆಳೆದವರು. ಮೇಜಿನ ಮೇಲಿನ ನೀರಿನ ಗ್ಲಾಸಿನ ಕಡೆ ಕಣ್ಣಿಳಿಸಿ ಸುಮ್ಮನೆ ಕೂತರು.

ಹೊರಗೆ ಕಾಲೇಜಿನ ಕಟ್ಟೆಯ ಮೇಲೆ ಹಣಕಾಸು ಸಚಿವೆ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಎದ್ದು ನಿಂತರು. 

“ಒಬ್ಬರೂ ಇಲ್ಲ ಅನ್ನಲಿಲ್ಲವ್ವಾ” ಎಂದೆ.